ಮೊಣಕಾಲೂರಿಯೋ, ತೇಲುತ್ತಲೋ? ಬಯಲುಸೀಮೆಯ ಸ್ಕೂಬಾ ಡೈವರ್‌ಗೆ ಒಂದು ಹೋಲಿಕೆ

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಸ್ಕೂಬಾ ಕಲಿಯಲು ಹೊರಡುವವರು ಹೆಚ್ಚಾಗಿ ಹೋಗುವುದು ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪಕ್ಕೆ. ಮಳೆಗಾಲದಲ್ಲಿ ಅಲ್ಲಿ ಡೈವಿಂಗ್ ಇಲ್ಲ. ವರ್ಷಕ್ಕೆ ನಮಗೆ ದಕ್ಕುವ ಡೈವ್‌ಗಳೇ ಕಡಿಮೆ. ಹೀಗಿರುವಾಗ ದುಡ್ಡನ್ನು ಸಲಕರಣೆಗೆ ಹಾಕಬೇಕೋ ತರಬೇತಿಗೋ ಎಂದು ಕೇಳಿದರೆ, ಮೊಣಕಾಲೂರಿಸಿ ಕಲಿಸುವ ಮತ್ತು ತೇಲುತ್ತಲೇ ಕಲಿಸುವ ಎರಡೂ ಪಂಥಗಳ ಪದ್ಧತಿಯನ್ನು ಬಳಸಿ ನೋಡಿದ ಮೇಲೆ ನಮ್ಮ ಉತ್ತರ ತರಬೇತಿಗೇ.

ಹಳೆಯ ಪದ್ಧತಿಯಲ್ಲಿ ಶಿಷ್ಯರು ತಳದಲ್ಲಿ ಮೊಣಕಾಲೂರಿ ಕೂತು ಮಾಸ್ಕ್‌ನ ನೀರು ಹೊರಹಾಕುವುದು, ರೆಗ್ಯುಲೇಟರ್ (ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಹುಡುಕಿ ಬಾಯಿಗಿಡುವುದು ಕಲಿಯುತ್ತಾರೆ. ಬೇಗ ಮುಗಿಯುತ್ತದೆ, ಒಬ್ಬ ತರಬೇತುದಾರ ಹಲವರನ್ನು ನೋಡಿಕೊಳ್ಳಬಹುದು. ಆದರೆ ತಳದಲ್ಲಿ ಕೂರಿಸಲೆಂದೇ ಎರಡು ಮೂರು ಕಿಲೋ ಸೀಸ ಹೆಚ್ಚಿಗೆ ಕಟ್ಟುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದಲೇ. 3 ಕಿಲೋ ಹೆಚ್ಚುವರಿ ಸೀಸವನ್ನು ಎತ್ತಿ ಹಿಡಿಯಲು ಬಿಸಿಡಿಯಲ್ಲಿ (ಗಾಳಿ ತುಂಬಿ ತೇಲಲು ತೊಡುವ ಕವಚ) ಸುಮಾರು 3 ಲೀಟರ್ ಗಾಳಿ ಹೆಚ್ಚು ತುಂಬಬೇಕು. 18 ಮೀಟರ್ ಆಳದಲ್ಲಿ ಒತ್ತಡ 2.8 ಬಾರ್, 5 ಮೀಟರ್‌ನಲ್ಲಿ 1.5 ಬಾರ್. ಮೇಲೆ ಬರುವಾಗ ಗಾಳಿ ಬಿಡದಿದ್ದರೆ ಆ 3 ಲೀಟರ್ 5.6 ಲೀಟರ್ ಆಗುತ್ತದೆ. ಹೊಸಬರು ತಡೆಯಲಾಗದೆ ಮೇಲಕ್ಕೆ ಚಿಮ್ಮುವುದು ಹೀಗೆಯೇ.

ತೇಲುತ್ತಲೇ ಕಲಿಸುವ ಪದ್ಧತಿ ನಿಧಾನ, ಶಿಷ್ಯರೂ ಕಡಿಮೆ ಇರಬೇಕು. ಅಲ್ಲಿ ಮೊದಲ ಪಾಠವೇ ತೂಕದ ಪರೀಕ್ಷೆ: ಸಿಲಿಂಡರ್‌ನಲ್ಲಿ 50 ಬಾರ್ ಉಳಿದಿರಬೇಕು, ಬಿಸಿಡಿ ಪೂರ್ತಿ ಖಾಲಿ ಇರಬೇಕು. ಸಾಮಾನ್ಯ ಉಸಿರು ಹಿಡಿದು ನಿಂತಾಗ ನೀರು ಕಣ್ಣಿನ ಮಟ್ಟದಲ್ಲಿರಬೇಕು, ಉಸಿರು ಬಿಟ್ಟಾಗ ಮೆಲ್ಲಗೆ ಮುಳುಗಬೇಕು. ತುಂಬಿದ ಸಿಲಿಂಡರ್‌ನಲ್ಲಿ ಪರೀಕ್ಷಿಸಿದರೆ 2 ಕಿಲೋ ಸೇರಿಸಿಕೊಳ್ಳಿ. ಡೈವ್ ಮುಗಿಯುವಾಗ ಉಸಿರಾಡಿದ ಗಾಳಿಯ ತೂಕ ಅಷ್ಟು ಇಳಿದಿರುತ್ತದೆ. ಊರಿನ ಈಜುಕೊಳದ ಲೆಕ್ಕ ಸಮುದ್ರಕ್ಕೆ ಆಗುವುದಿಲ್ಲ. ಉಪ್ಪುನೀರು ಸುಮಾರು ಶೇ. 2.5ರಷ್ಟು ಸಾಂದ್ರ, ಸಲಕರಣೆ ಸೇರಿ 95 ಕಿಲೋ ಇರುವವರಿಗೆ ಇನ್ನೂ 2.4 ಕಿಲೋ ಬೇಕು. ಮೊದಲ ಒಂದು ತಾಸು ಕೊಳದಲ್ಲಿ ಮೊಣಕಾಲೂರಿದರೆ ಅಡ್ಡಿಯಿಲ್ಲ. ಹವಳದ ಮೇಲೆ ಮಾತ್ರ ಖಂಡಿತ ಬೇಡ.

ಅಂಗಿಯಂತೆ ತೊಡುವ ಜಾಕೆಟ್ ಬಿಸಿಡಿ ಮತ್ತು ಬೆನ್ನಿನ ತಟ್ಟೆಗೆ ಗಾಳಿಚೀಲ ಜೋಡಿಸಿದ ಬ್ಯಾಕ್‌ಪ್ಲೇಟ್-ವಿಂಗ್ ನಡುವಿನ ಜಗಳ ಇದರಷ್ಟು ದೊಡ್ಡದಲ್ಲ. ಜಾಕೆಟ್‌ನಲ್ಲಿ ನೀರಿನ ಮೇಲೆ ತಲೆ ಎತ್ತಿ ತೇಲುವುದು ಸುಲಭ, ಬಾಡಿಗೆಗೆ ಸಿಗುವುದೂ ಹೆಚ್ಚಾಗಿ ಅದೇ. ಗಾಳಿ ತುಂಬಿದಾಗ ಪಕ್ಕೆ ಬಿಗಿಯುತ್ತದೆ, ಮೆತ್ತೆಯೇ ತೇಲುವುದರಿಂದ ಸೀಸ ಹೆಚ್ಚು ಬೇಕು. ವಿಂಗ್‌ನಲ್ಲಿ ಗಾಳಿ ಬೆನ್ನ ಮೇಲಿರುವುದರಿಂದ ದೇಹ ಅಡ್ಡಲಾಗಿ ನಿಲ್ಲುತ್ತದೆ. ಆದರೆ ಮೇಲೆ ಬಂದಾಗ ಅತಿಯಾಗಿ ತುಂಬಿದರೆ ಮುಖ ಮುಂದಕ್ಕೆ ವಾಲುತ್ತದೆ. ಬಾಡಿಗೆಯವರಿಗೆ ಜಾಕೆಟ್ ಸಾಕು. ಸ್ವಂತಕ್ಕೆ ಕೊಳ್ಳುವುದಾದರೆ ವಿಂಗ್, ಅದೂ ಮಾಸ್ಕ್ ಮತ್ತು ಡೈವ್ ಕಂಪ್ಯೂಟರ್ ಕೊಂಡ ಮೇಲೆ.

ಗಾಳಿ ಮುಗಿದ ಜೊತೆಗಾರನಿಗೆ ಏನು ಕೊಡಬೇಕು? ಒಂದು ಪಂಥ ಹಳದಿ ಆಕ್ಟೋಪಸ್, ಅಂದರೆ ಹೆಚ್ಚುವರಿ ರೆಗ್ಯುಲೇಟರ್, ಎನ್ನುತ್ತದೆ. ಇನ್ನೊಂದು, ಬಾಯಲ್ಲಿರುವುದನ್ನೇ 2 ಮೀಟರ್ ಉದ್ದದ ಹೋಸ್‌ನೊಡನೆ ಕೊಟ್ಟು, ಕುತ್ತಿಗೆಗೆ ಕಟ್ಟಿದ ಇನ್ನೊಂದು ರೆಗ್ಯುಲೇಟರನ್ನು ತಾನು ಬಳಸಬೇಕು ಎನ್ನುತ್ತದೆ. ಗಾಬರಿಯಾದವನು ಬಾಯಿಂದಲೇ ಕಿತ್ತುಕೊಳ್ಳುವುದುಂಟು, ಹಾಗಾಗಿ ನಮ್ಮ ಒಲವು ಎರಡನೆಯದಕ್ಕೆ. ಉದ್ದದ ಹೋಸ್ ಯಾವುದಾದರೂ ಪಟ್ಟಿಯಡಿ ಸಿಕ್ಕಿಕೊಂಡರೆ ಬಿಚ್ಚದು. ದೋಣಿಯಲ್ಲೇ ಒಮ್ಮೆ ಪೂರ್ತಿ ಎಳೆದು ನೋಡಿ, ಜೊತೆಗಾರನಿಗೂ ತೋರಿಸಿ.

ಎರಡೂ ಪಂಥಗಳಲ್ಲಿ ಅನೇಕರು ಮಾಡದ ಲೆಕ್ಕ ಒಂದಿದೆ. 18 ಮೀಟರ್‌ನಲ್ಲಿ ಇಬ್ಬರು ಒಂದೇ ಸಿಲಿಂಡರ್‌ನಿಂದ ಉಸಿರಾಡುತ್ತಾರೆ ಎನ್ನಿ. ಮೇಲ್ಮೈ ಲೆಕ್ಕದಲ್ಲಿ ತಲಾ ನಿಮಿಷಕ್ಕೆ 30 ಲೀಟರ್; ಆಳದಲ್ಲಿ ಅದನ್ನು ಅಲ್ಲಿನ ಒತ್ತಡದಿಂದ ಗುಣಿಸಬೇಕು. ಸಾವರಿಸಿಕೊಳ್ಳಲು 1 ನಿಮಿಷ, ಏರಲು 2 ನಿಮಿಷ, 5 ಮೀಟರ್‌ನಲ್ಲಿ 3 ನಿಮಿಷ ನಿಲುಗಡೆ. ಒಟ್ಟು ಸುಮಾರು 665 ಲೀಟರ್. 11.1 ಲೀಟರ್‌ನ ಸಿಲಿಂಡರ್‌ನಲ್ಲಿ ಅದು 60 ಬಾರ್. 50 ಬಾರ್ ಆದಾಗ ತಳ ಬಿಡುವುದಲ್ಲ, 50 ಬಾರ್ ಇಟ್ಟುಕೊಂಡು ದೋಣಿ ಸೇರಬೇಕು.

ಅಭ್ಯಾಸಕ್ಕೆ ವಾಣಿವಿಲಾಸ ಸಾಗರ ಆಗದೇ ಎನ್ನುವವರಿದ್ದಾರೆ. ಅನುಮತಿಯ ಮಾತು ಹಾಗಿರಲಿ, 300 ಮೀಟರ್‌ಗಿಂತ ಎತ್ತರದ ನೀರಿಗೆ, ಅಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ, ಡೈವ್ ಲೆಕ್ಕವೇ ಬೇರೆ. ಹೊಸಬರಿಗೆ ಅದು ಬೇಡ. ಅದೇ ಕಾರಣಕ್ಕೆ ನೇತ್ರಾಣಿಯಲ್ಲಿ ಡೈವ್ ಮುಗಿಸಿ ಅಂದೇ ಘಾಟಿ ಹತ್ತಬೇಡಿ. ದಾವಣಗೆರೆ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿದೆ. ಡೈವ್ ನಂತರ ವಿಮಾನ ಹತ್ತಲು ಹೇಳುವ ಅಂತರ, ಒಂದು ಡೈವ್ ಆಗಿದ್ದರೆ 12 ಗಂಟೆ, ಹಲವು ಆಗಿದ್ದರೆ 18 ಗಂಟೆ, ಅನ್ವಯಿಸುವ ಕ್ಯಾಬಿನ್ ಎತ್ತರ (ವಿಮಾನದೊಳಗಿನ ಗಾಳಿಯ ಒತ್ತಡಕ್ಕೆ ಸಮನಾದ ಎತ್ತರ) ಶುರುವಾಗುವುದೂ ಸುಮಾರು 600 ಮೀಟರ್‌ನಿಂದಲೇ. ಆ ರಾತ್ರಿ ಮುರುಡೇಶ್ವರದಲ್ಲೇ ಉಳಿದು, ಮರುದಿನ ಹೊರಡಿ.