ವಾರಕ್ಕೊಂದು ಮಾತ್ರೆ ದಿನಕ್ಕೊಂದಾದಾಗ

ಸೋರಿಯಾಸಿಸ್‌ಗೋ ಸಂಧಿವಾತಕ್ಕೋ ಮೆಥೊಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುವವರು ನಿಮ್ಮ ಮನೆಯಲ್ಲಿದ್ದರೆ, ಮುಂದೆ ಓದುವ ಮೊದಲು ಅವರನ್ನು ಒಂದು ಮಾತು ಕೇಳಿ ಬನ್ನಿ: ಕಳೆದ ವಾರ ಅದನ್ನು ಎಷ್ಟು ದಿನ ನುಂಗಿದಿರಿ? ಈ ಕಾಯಿಲೆಗಳಿಗೆ ಆ ಮಾತ್ರೆಯನ್ನು ಕೊಡುವುದು ವಾರದಲ್ಲಿ ಒಂದೇ ದಿನ. ನಮ್ಮ ತಂದೆ ಅದನ್ನು 9 ದಿನ, ದಿನಕ್ಕೊಂದರಂತೆ, ಒಂದು ರಾತ್ರಿಯೂ ತಪ್ಪಿಸದೆ ನುಂಗಿದರು.

ಅಪ್ಪ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು, ವಯಸ್ಸು 68. ಸೋರಿಯಾಸಿಸ್ ಅವರ ಜೊತೆಗಿರುವುದು ಇಪ್ಪತ್ತು ವರ್ಷಗಳಿಂದ. ಅದು ಅಂಟುವ ರೋಗವಲ್ಲವೆಂದು ಎಷ್ಟು ಹೇಳಿದರೂ ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರು ಎಲೆ ಸರಿಸಿಕೊಳ್ಳುವುದನ್ನು ಕಂಡು, ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಹಾಕುವುದನ್ನು ರೂಢಿಸಿಕೊಂಡವರು. ಮುಲಾಮುಗಳಿಗೆ ಬಗ್ಗದೆ ಕಾಯಿಲೆ ಬೆನ್ನಿಗೆಲ್ಲ ಹಬ್ಬಿದಾಗ, ಜಿಲ್ಲಾ ಕೇಂದ್ರದ ಚರ್ಮವೈದ್ಯರು ರಕ್ತ, ಯಕೃತ್ತು, ಮೂತ್ರಪಿಂಡಗಳ ಪರೀಕ್ಷೆ ಮಾಡಿಸಿ, ಭಾನುವಾರ 10 ಮಿಲಿಗ್ರಾಂ ಮೆಥೊಟ್ರೆಕ್ಸೇಟ್, ಉಳಿದ ದಿನ ಅದರ ಅಡ್ಡಪರಿಣಾಮ ತಗ್ಗಿಸಲು 5 ಮಿಲಿಗ್ರಾಂ ಫೋಲಿಕ್ ಆಸಿಡ್ ಎಂಬ ವಿಟಮಿನ್ ಎಂದು ಬರೆದುಕೊಟ್ಟರು. ಬಾಯಲ್ಲೂ ಹೇಳಿದರು. ಮೊದಲ ತಿಂಗಳು ಎಲ್ಲವೂ ಸರಿಯಾಗಿಯೇ ನಡೆಯಿತು. ಮೊಣಕೈಯ ಹೊಪ್ಪಳೆ ತೆಳುವಾಗುತ್ತ ಬಂದಿತ್ತು.

ಎರಡನೆಯ ತಿಂಗಳು, ಅಷ್ಟು ದೂರ ಬಸ್ಸಿನಲ್ಲಿ ಹೋಗುವುದೇಕೆಂದು, ಅದೇ ಚೀಟಿ ಹಿಡಿದು ಊರಿನ ಔಷಧದ ಅಂಗಡಿಯಲ್ಲೇ ಮಾತ್ರೆ ಕೊಂಡರು. ಅಂಗಡಿಯಲ್ಲಿದ್ದ ಹುಡುಗ ಹತ್ತು ಮಾತ್ರೆಗಳ ಎರಡು ಸ್ಟ್ರಿಪ್ ಒಂದೇ ಕವರಿಗೆ ಹಾಕಿ, ಕವರಿನ ಮೇಲೆ ಎರಡಕ್ಕೂ ಸೇರಿಸಿ 0-0-1, ಅಂದರೆ ದಿನವೂ ರಾತ್ರಿಗೊಂದು, ಎಂದು ಬರೆದ. ಎರಡೂ ಹಳದಿ, ಎರಡೂ ಸಣ್ಣವು. ವಾರಕ್ಕೊಮ್ಮೆ ಎಂಬ ಮಾತು ವೈದ್ಯರ ಚೀಟಿಯ ಮೂಲೆಯಲ್ಲಿ ಇಂಗ್ಲಿಷಿನ ಕೂಡುಬರಹದಲ್ಲಿ ಇತ್ತು. ವೈದ್ಯರು ಬಾಯಲ್ಲಿ ಹೇಳಿದ್ದು ನೆನಪಿರಲಿಲ್ಲವೇ ಎಂದು ಆಮೇಲೆ ಕೇಳಿದಾಗ ಅಪ್ಪ, “ನೆನಪಿತ್ತಪ್ಪ, ಆದರೆ ಕವರಿನ ಮೇಲೆ ಬರೆದಿತ್ತಲ್ಲ, ಈ ತಿಂಗಳಿಂದ ಬದಲಾಗಿರಬೇಕು ಅಂದುಕೊಂಡೆ” ಎಂದರು. ಮೂವತ್ತೈದು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವರಿಗೆ ಕಿವಿಯಲ್ಲಿ ಕೇಳಿದ್ದಕ್ಕಿಂತ ಬರೆದದ್ದೇ ದೊಡ್ಡದು. ಅಮ್ಮ ಊಟವಾದ ಮೇಲೆ ಎರಡನ್ನೂ ಬಿಡಿಸಿ ಅವರ ಅಂಗೈಗೆ ಹಾಕುತ್ತಿದ್ದರು. ಸಾಲದ್ದಕ್ಕೆ ಮಂಡಿನೋವಿಗೆಂದು ಅದೇ ಅಂಗಡಿಯಿಂದ ನೋವಿನ ಮಾತ್ರೆಯೂ ಬಂದಿತ್ತು. ಮೆಥೊಟ್ರೆಕ್ಸೇಟ್ ದೇಹದಿಂದ ಹೊರಗೆ ಹೋಗಬೇಕಾದದ್ದು ಮೂತ್ರಪಿಂಡದ ಮೂಲಕ, ನೋವಿನ ಮಾತ್ರೆಗಳಲ್ಲಿ ಹಲವು ಆ ದಾರಿಯನ್ನೇ ನಿಧಾನ ಮಾಡುತ್ತವೆ.

ಆರನೆಯ ದಿನ ಅಪ್ಪ ಫೋನಿನಲ್ಲಿ ಬಾಯಿ ಉರಿಯುತ್ತಿದೆ, ಅನ್ನ ನುಂಗಲಾಗುತ್ತಿಲ್ಲ ಎಂದರು. ಉಷ್ಣವಾಗಿರಬೇಕು, ಮಜ್ಜಿಗೆ ಕುಡಿಯಿರಿ, ಕಾಮಕಸ್ತೂರಿ ಬೀಜ ನೆನೆಸಿಕೊಳ್ಳಿ ಎಂದವನು ನಾನೇ. ಬಿ ಕಾಂಪ್ಲೆಕ್ಸ್ ತೆಗೆದುಕೊಳ್ಳಿ ಎಂದೂ ಹೇಳಿದೆ. ಎಂಟನೆಯ ದಿನ ಕಾಲಿನ ಹಳೆಯ ಕಲೆಗಳು ಸುಲಿದು ಹಸಿಗಾಯಗಳಾದವು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ನಾವು ಮೋಸಹೋದದ್ದು ಇಲ್ಲಿಯೇ. ಬೇಗಬೇಗ ಹುಟ್ಟುವ ಜೀವಕೋಶಗಳಿಗೆ ಈ ಔಷಧದ ಪೆಟ್ಟು ಮೊದಲು ಬೀಳುತ್ತದೆ. ಬಾಯಿಯ ಒಳಪದರ, ಮೂಳೆಮಜ್ಜೆ, ಸೋರಿಯಾಸಿಸ್‌ನ ಕಲೆ ಮೂರೂ ಅಂಥವೇ. ಆದ್ದರಿಂದ ವಿಷ ಹೆಚ್ಚಾದಾಗ ಕಲೆಗಳೇ ಹುಣ್ಣಾಗಬಹುದು. ನೋಡುವವರಿಗೆ ಮಾತ್ರ ಅದು ಕಾಯಿಲೆ ಕೆರಳಿದಂತೆ ಕಾಣುತ್ತದೆ, ಮಾತ್ರೆಯನ್ನು ತಪ್ಪದೆ ಕೊಡೋಣವೆನಿಸುತ್ತದೆ. ಅಮ್ಮ ಒಂಬತ್ತನೆಯ ರಾತ್ರಿಯೂ ಕೊಟ್ಟರು.

ಮರುದಿನ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದಾಗ, ರಾತ್ರಿಪಾಳಿಯಲ್ಲಿದ್ದ ಕಿರಿಯ ವೈದ್ಯೆಯೊಬ್ಬರು ಬಾಯಿಯನ್ನೂ ಕಾಲನ್ನೂ ನೋಡಿದ ತಕ್ಷಣ ಕೇಳಿದ್ದು ಮಾತ್ರೆಯ ಸ್ಟ್ರಿಪ್ಪನ್ನು. ಒಡೆದ ಗುಳಿಗಳನ್ನು ಬೆರಳಿಟ್ಟು ಎಣಿಸಿ, “ಯಜಮಾನ್ರೇ, ಇದು ಎಷ್ಟು ದಿನದ್ದು?” ಎಂದರು. ಹತ್ತು ವಾರ ಬರಬೇಕಿದ್ದ ಸ್ಟ್ರಿಪ್ಪಿನಲ್ಲಿ ಒಂದು ಮಾತ್ರೆ ಉಳಿದಿತ್ತು. ಕನಿಷ್ಠ 4,000 ಇರಬೇಕಾದ ಬಿಳಿ ರಕ್ತಕಣ 1,100ಕ್ಕೆ ಇಳಿದಿತ್ತು, ಪ್ಲೇಟ್‌ಲೆಟ್ 32,000 ಇತ್ತು. ಆ ರಾತ್ರಿಯೇ ಈ ವಿಷಕ್ಕೆ ಪ್ರತಿಮದ್ದಾದ ಲ್ಯೂಕೊವೊರಿನ್ ಚುಚ್ಚುಮದ್ದು ಆರು ಗಂಟೆಗೊಮ್ಮೆ ಆರಂಭವಾಯಿತು. ಫೋಲಿಕ್ ಆಸಿಡ್ ಹೇಗೂ ನುಂಗುತ್ತಿದ್ದರಲ್ಲ, ಅದು ಸಾಲದೇ ಎಂದು ಕೇಳಿದೆ. ಫೋಲಿಕ್ ಆಸಿಡ್ಡನ್ನು ದೇಹ ಬಳಸಿಕೊಳ್ಳಲು ಬೇಕಾದ ಕಿಣ್ವವನ್ನೇ ಮೆಥೊಟ್ರೆಕ್ಸೇಟ್ ತಡೆದಿರುತ್ತದೆ, ಲ್ಯೂಕೊವೊರಿನ್‌ಗೆ ಆ ಕಿಣ್ವದ ಹಂಗಿಲ್ಲ ಎಂದು ಆ ವೈದ್ಯೆ ವಿವರಿಸಿದರು. ಅಪ್ಪ 17 ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು.

ಔಷಧವನ್ನು ದೂಷಿಸಲು ನಾನಿದನ್ನು ಬರೆಯುತ್ತಿಲ್ಲ. ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಮುನ್ನಡೆಸಿದ ಸಂಶೋಧನೆಯಿಂದ ಬಂದ ಔಷಧಕುಲ ಇದು. ಮೆಥೊಟ್ರೆಕ್ಸೇಟ್‌ನ ಹಿರಿಯಣ್ಣನಂತಿದ್ದ ಅಮಿನೊಪ್ಟೆರಿನ್ ಕೊಟ್ಟಾಗ ಸೋರಿಯಾಸಿಸ್ ಕಲೆಗಳು ಮಾಯುತ್ತವೆಂದು 1951ರಲ್ಲಿ ರಿಚರ್ಡ್ ಗಬ್ನರ್ ಮತ್ತು ಸಂಗಡಿಗರು ವರದಿ ಮಾಡಿದ ಮೇಲೆ ಚರ್ಮವೈದ್ಯರು ಈ ದಾರಿ ಹಿಡಿದರು. ಇಂದಿಗೂ ಲಕ್ಷಾಂತರ ಜನರಿಗೆ ಕೈಗೆಟುಕುವ ಬೆಲೆಯ ಒಳ್ಳೆಯ ಚಿಕಿತ್ಸೆ ಇದೇ. ವಾರದ ಮಾತ್ರೆಯನ್ನು ದಿನವೂ ನುಂಗುವ ಅನಾಹುತವೂ ನಮ್ಮ ಮನೆಯೊಂದರದ್ದಲ್ಲ. ಸಾವುಗಳೂ ಸಂಭವಿಸಿದ್ದರಿಂದ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಪೊಟ್ಟಣದ ಮೇಲೆ ಎದ್ದುಕಾಣುವ ಎಚ್ಚರಿಕೆ ಇರಬೇಕು, ರೋಗಿಗೊಂದು ಕಾರ್ಡ್ ಕೊಡಬೇಕು ಎಂದು ಸೂಚಿಸಿತು. ಅಪ್ಪನ ಸ್ಟ್ರಿಪ್ಪಿನ ಮೇಲೆ ಕನ್ನಡದ ಒಂದಕ್ಷರವೂ ಇರಲಿಲ್ಲ. ಅಂಗಡಿಯವರನ್ನು ಕೇಳಿದ್ದಕ್ಕೆ, ಚೀಟಿಯಲ್ಲಿದ್ದ ಮಾತ್ರೆಯನ್ನೇ ಕೊಟ್ಟಿದ್ದೇವಲ್ಲ ಎಂದರು. ಅದೂ ಸುಳ್ಳಲ್ಲ.

ಇದನ್ನು ತೆಗೆದುಕೊಳ್ಳುವವರು ಭಯಪಟ್ಟು ತಾವೇ ನಿಲ್ಲಿಸಬಾರದು. ಆದರೆ ವಾರದ ಯಾವ ದಿನ ಎಂಬುದನ್ನು ಚೀಟಿಯಲ್ಲಿ ಕನ್ನಡದಲ್ಲಿ, ಪೂರ್ತಿ ಅಕ್ಷರಗಳಲ್ಲಿ ಬರೆದುಕೊಡುವಂತೆ ವೈದ್ಯರನ್ನು ಕೇಳಿ. ಇಂಗ್ಲಿಷಿನಲ್ಲಿ ಗೀಚಿದ ‘ಮಂಡೇ’ (ಸೋಮವಾರ) ಎಂಬುದು ‘ಮಾರ್ನಿಂಗ್’ (ಬೆಳಿಗ್ಗೆ) ಎಂದು ಓದಿಸಿಕೊಂಡೀತು. ಒಂದು ತಿಂಗಳಿಗೆ ಬೇಕಾದಷ್ಟೇ ಮಾತ್ರೆ ಕೊಂಡು, ಫೋಲಿಕ್ ಆಸಿಡ್‌ನಿಂದ ದೂರ, ಬೇರೆ ಡಬ್ಬಿಯಲ್ಲಿಡಿ. ಬೇರಾವುದೋ ಕಾಯಿಲೆಗೆ ವೈದ್ಯರ ಬಳಿ ಹೋದಾಗಲೂ ಇದನ್ನು ನುಂಗುತ್ತಿರುವ ಸಂಗತಿ ತಿಳಿಸಿ, ಏಕೆಂದರೆ ಕೋ-ಟ್ರೈಮಾಕ್ಸಜೋಲ್ ಎಂಬ ಸಾಮಾನ್ಯ ಸೋಂಕುನಿವಾರಕ ಇದರೊಡನೆ ಸೇರಿದರೆ ಮೂಳೆಮಜ್ಜೆಗೆ ಎರಡು ಕಡೆಯಿಂದ ಹೊಡೆತ. ಬಾಯಿಹುಣ್ಣು, ಜ್ವರ, ಕಾರಣವಿಲ್ಲದೆ ಚರ್ಮದ ಮೇಲೆ ಮೂಡುವ ನೀಲಿ ಕಲೆ, ಒಣ ಕೆಮ್ಮು, ಏದುಸಿರು ಇವುಗಳಲ್ಲಿ ಯಾವುದು ಕಂಡರೂ ಮಜ್ಜಿಗೆ ಕುಡಿದು ಕಾಯಬೇಡಿ. ಮುಂದಿನ ಮಾತ್ರೆ ನುಂಗುವ ಮುನ್ನ, ಅದೇ ದಿನ, ಸ್ಟ್ರಿಪ್ಪನ್ನು ಜೇಬಿನಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋಗಿ.