ಲಿಟಲ್ ಕಾರ್ಪ್ ನದಿ ಪಕ್ಕ ಟೆಂಟು: ಪೋರ್ಕ್ಯುಪೈನ್ ಮೌಂಟನ್ಸ್ ಸ್ಟೇಟ್ ಪಾರ್ಕ್ ಯಾರಿಗೆ ಸರಿ, ಯಾರಿಗೆ ಬೇಡ

ಸ್ಟಾರ್ ಎಷ್ಟು ಅಂತ ಕೇಳೋರಿಗೆ ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕೂವರೆ, ಆ ಅರ್ಧ ಕಳ್ದಿದ್ದು ಸೊಳ್ಳೆಗೆ. ಆದ್ರೆ ಕರೆಂಟು, ನಲ್ಲಿ, ಶವರ್, ಫೋನ್ ಸಿಗ್ನಲ್ ಇದ್ರಲ್ಲಿ ಒಂದಾದ್ರೂ ಬೇಕೇ ಬೇಕು ಅನ್ನೋರು ಮುಂದೆ ಓದೋದೇ ಬೇಡ. ಲಿಟಲ್ ಕಾರ್ಪ್ ಪಕ್ಕದ ಟೆಂಟ್ ಸೈಟುಗಳಲ್ಲಿ ಅವ್ಯಾವೂ ಇಲ್ಲ. ಕಾರ್ ನಿಲ್ಸಿ ಬ್ಯಾಗು ಬೆನ್ನಿಗೇರಿಸ್ಕೊಂಡು ಕಾಡೊಳಗೆ ನಡ್ಕೊಂಡೇ ಹೋಗ್ಬೇಕು, ಹೋದ್ಮೇಲೂ ಸಿಗೋದು ಏನಪ್ಪಾ ಅಂದ್ರೆ ಟೆಂಟ್ ಹಾಕೋಷ್ಟು ಸಮತಟ್ಟು ಜಾಗ, ಬೆಂಕಿ ಹಾಕೋಕೆ ಕಬ್ಬಿಣದ ಒಂದು ಬಳೆ, ಊಟದ ಚೀಲ ನೇತಾಕೋಕೆ ಒಂದು ಉದ್ದದ ಕಂಬ, ಅಷ್ಟೇ. ಇಷ್ಟಕ್ಕೆ ದುಡ್ಡು ಕೊಟ್ಟು ಬುಕ್ ಮಾಡ್ಬೇಕಾ ಅಂತ ನಮ್ ಜೊತೆ ಬಂದ ಗೆಳೆಯ ಕೇಳ್ದ, ಕೇಳೋದ್ರಲ್ಲಿ ತಪ್ಪೇನಿಲ್ಲ ಬಿಡಿ.

ಜಾಗ ಗೊತ್ತಿಲ್ದೋರಿಗೆ: ಅಮೆರಿಕದ ಮಿಷಿಗನ್‌ನ ಅಪ್ಪರ್ ಪೆನಿನ್ಸುಲಾದ ಪಶ್ಚಿಮದ ಕಡೆ, ಲೇಕ್ ಸುಪೀರಿಯರ್ ದಡದಲ್ಲಿದೆ. ಮಿನಿಯಾಪೊಲಿಸ್‌ನಿಂದ ಸುಮಾರು ಐದು ಗಂಟೆ, ಶಿಕಾಗೋದಿಂದ ಏಳು ಗಂಟೆ ಡ್ರೈವು. ಹತ್ರತ್ರ 60,000 ಎಕರೆ, ಮಿಷಿಗನ್ ರಾಜ್ಯದ ಅತಿ ದೊಡ್ಡ ಸ್ಟೇಟ್ ಪಾರ್ಕು, ಹೋಗೋರೆಲ್ಲ ಪೋರ್ಕೀಸ್ ಅಂತಾನೇ ಕರೀತಾರೆ. ಸುತ್ತಮುತ್ತಲ ಕಾಡನ್ನೆಲ್ಲ ಟಿಂಬರ್‌ಗೋಸ್ಕರ ಕಡಿದು ಮುಗಿಸ್ತಾ ಬಂದಾಗ ಉಳಿದಿದ್ದನ್ನಾದ್ರೂ ಉಳಿಸ್ಕೊಳ್ಳೋಣ ಅಂತ 1945ರಲ್ಲಿ ಇದನ್ನ ಪಾರ್ಕ್ ಮಾಡಿದ್ರು, ಹಾಗಾಗಿ ಕೊಡಲಿ ಏಟು ಕಾಣದ ಹೆಮ್ಲಾಕು, ಮೇಪಲ್ಲು, ಯೆಲ್ಲೋ ಬರ್ಚ್ ಮರಗಳು ಇಲ್ಲಿ ಸಾವಿರಾರು ಎಕರೆ ಇನ್ನೂ ನಿಂತಿವೆ. ಹೆಮ್ಲಾಕ್ ಕೆಳಗೆ ಮಟಮಟ ಮಧ್ಯಾಹ್ನನೂ ಮಬ್ಬು, ಬಿಸಿಲೇ ಕೆಳಗಿಳಿಯಲ್ಲ, ಅದ್ರಿಂದ ಗಿಡಗಂಟಿನೂ ಕಮ್ಮಿ, ಕಾಲಡಿ ಬರೀ ಸಣ್ಣ ಸೂಜಿ ಎಲೆ ಉದುರಿ ಉದುರಿ ಆಗಿರೋ ಮೆತ್ತೆ, ನಡೆದ್ರೆ ಸದ್ದೇ ಬರಲ್ಲ. ಟೆಂಟ್ ಹಾಕೋಕೆ ಇದಕ್ಕಿಂತ ಒಳ್ಳೆ ನೆಲ ನಾನಂತೂ ಬೇರೆಲ್ಲೂ ನೋಡಿಲ್ಲ, ಆದ್ರೆ ಗೂಟ ಹೊಡೆಯುವಾಗ ಮೆತ್ತೆ ಕೆಳಗೆ ಬೇರು ಸಿಗುತ್ತೆ, ಬಗ್ಗೋಗೋ ಅಗ್ಗದ ಗೂಟ ತರ್ಬೇಡಿ.

ಈಗ ನದಿ ವಿಷ್ಯ. ಲಿಟಲ್ ಕಾರ್ಪ್ ದೊಡ್ಡ ನದಿ ಏನಲ್ಲ, ಬೇಸಿಗೇಲಿ ಹಲವು ಕಡೆ ಮೊಣಕಾಲುದ್ದವೂ ಇರಲ್ಲ, ಕಲ್ಲಿಂದ ಕಲ್ಲಿಗೆ ಇಳಿದು ಸಣ್ಣ ಸಣ್ಣ ಜಲಪಾತ ಮಾಡ್ಕೊಂಡು ಸುಪೀರಿಯರ್‌ಗೆ ಸೇರುತ್ತೆ. ಸೌತ್ ಬೌಂಡರಿ ರೋಡಿಂದ ಲಿಟಲ್ ಕಾರ್ಪ್ ರಿವರ್ ರೋಡ್ ಹಿಡಿದು ಅದ್ರ ಕೊನೆವರೆಗೂ ಹೋದ್ರೆ ಓವರ್‌ಲುಕ್ಡ್ ಫಾಲ್ಸು ಪಾರ್ಕಿಂಗ್ ಬುಡದಲ್ಲೇ, ಗ್ರೀನ್‌ಸ್ಟೋನ್ ಫಾಲ್ಸ್ ಅಲ್ಲಿಂದ ಸ್ವಲ್ಪ ಮುಂದೆ. ಭಾರ ಹೊತ್ತು ಅಭ್ಯಾಸ ಇಲ್ದೋರಿಗೆ ಈ ಕಡೆಯ ಸೈಟುಗಳೇ ಸರಿ. ಇನ್ನೊಂದು ದಾರಿ ಪಿಂಕರ್ಟನ್ ಟ್ರೇಲು, ಸುಮಾರು ಮೂರು ಮೈಲಿ ನಡೆದ್ರೆ ನದಿ ಕೆರೆ ಸೇರೋ ಬಾಯಿ ಹತ್ರ ಹೋಗ್ತೀರ. ಕೆರೆ ಅಂದೆ, ನೋಡಿದ್ರೆ ಸಮುದ್ರನೇ, ಆಚೆ ದಡ ಕಾಣಲ್ಲ, ನೀರು ಜುಲೈನಲ್ಲೂ ಮೈ ಕೊರೆಯುತ್ತೆ.

ನದಿ ಪಕ್ಕ ಸೈಟ್ ಅಂದ ತಕ್ಷಣ ಜನ ಫೋಟೋ ಬಗ್ಗೆ ಯೋಚ್ನೆ ಮಾಡ್ತಾರೆ, ಬೆಳಗ್ಗೆ ಟೆಂಟ್ ಜಿಪ್ ತೆಗೆದ್ರೆ ನೀರು ಕಾಣುತ್ತೆ ಅಂತ. ನನ್ನ ಲೆಕ್ಕದಲ್ಲಿ ನದಿ ಪಕ್ಕದ ಸೈಟಿಗೆ ಕೊಡೋ ದುಡ್ಡು ವಸೂಲಾಗೋದು ನೋಟಕ್ಕಲ್ಲ, ತೂಕಕ್ಕೆ. ಒಂದು ಲೀಟರ್ ನೀರು ಒಂದು ಕೆಜಿ. ಕುಡಿಯೋಕೆ, ಅಡಿಗೆಗೆ, ಪಾತ್ರೆಗೆ ಅಂತ ಇಬ್ಬರಿಗೆ ದಿನಕ್ಕೆ ಏಳೆಂಟು ಲೀಟರ್ ಆರಾಮಾಗಿ ಖರ್ಚಾಗುತ್ತೆ, ಗುಡ್ಡದ ಮೇಲಿನ ಸೈಟ್ ತಗೊಂಡ್ರೆ ಅಷ್ಟನ್ನೂ ಕೆಳಗಿಂದ ಹೊತ್ತು ತರ್ಬೇಕು. ಇಲ್ಲಿ ಫಿಲ್ಟರ್ ಚೀಲ ಹಿಡ್ಕೊಂಡು ನಾಲ್ಕು ಹೆಜ್ಜೆ ಇಳಿದ್ರೆ ಆಯ್ತು. ನೀರು ತೆಳು ಟೀ ಬಣ್ಣ ಇರುತ್ತೆ, ಗಲೀಜು ಅಂತ ಹೆದರ್ಬೇಡಿ, ಎಲೆ ತೊಗಟೆ ಜೌಗಿಂದ ಬರೋ ಟ್ಯಾನಿನ್ ಅದು, ಮಾಮೂಲಿ ಫಿಲ್ಟರ್ ಹಾಕಿದ್ರೂ ಬಣ್ಣ ಪೂರ್ತಿ ಹೋಗಲ್ಲ. ಹೆದರ್ಬೇಕಾಗಿರೋದು ಕಣ್ಣಿಗೆ ಕಾಣದ, ಹೊಟ್ಟೆ ಕೆಡಿಸೋ ಜಿಯಾರ್ಡಿಯಾ ಅನ್ನೋ ಸೂಕ್ಷ್ಮಜೀವಿಗೆ, ಕಾಡುಪ್ರಾಣಿ ಓಡಾಡೋ ಯಾವ ತೊರೆಯಲ್ಲಾದ್ರೂ ಅದು ಇರಬಹುದು, ಆದ್ರಿಂದ ಫಿಲ್ಟರ್ ಮಾಡಿ ಇಲ್ಲ ಒಂದು ನಿಮಿಷ ಚೆನ್ನಾಗಿ ಕುದಿಸಿ, ಎಷ್ಟೇ ತಿಳಿಯಾಗಿ ಕಂಡ್ರೂ ಹಾಗೇ ಕುಡೀಬೇಡಿ. ಕ್ಲೋರಿನ್ ಮಾತ್ರೆನೂ ಬ್ಯಾಗಲ್ಲಿ ಇಟ್ಕೊಂಡ್ರೆ ಒಳ್ಳೇದು, ಫಿಲ್ಟರ್ ಕಟ್ಕೊಂಡಾಗ ಉಪಯೋಗಕ್ಕೆ ಬರುತ್ತೆ, ಆದ್ರೆ ಅದು ಕೆಲ್ಸ ಮಾಡೋಕೆ ತುಂಬ ಹೊತ್ತು ತಗೊಳ್ಳುತ್ತೆ.

ನದಿ ಪಕ್ಕ ಇರೋದಕ್ಕೆ ಇನ್ನೊಂದು ಕಡೆ ಇದೆ, ಅದನ್ನ ಯಾರೂ ಹೇಳಲ್ಲ. ರಾತ್ರಿ ತಣ್ಣನೆ ಗಾಳಿ ಇಳಿದು ಬಂದು ಸೇರ್ಕೊಳ್ಳೋದು ನದಿ ತಗ್ಗಿಗೇ, ಬೆಳಗ್ಗೆ ಟೆಂಟಿನ ಒಳಗಡೆ ಬಟ್ಟೆ ಒದ್ದೆ, ಮಲಗೋ ಚೀಲದ ಕಾಲಿನ ಕಡೆ ಒದ್ದೆ, ಬಿಸಿಲು ಬೀಳದ ಕಾಡಲ್ವಾ, ಮಧ್ಯಾಹ್ನವಾದ್ರೂ ಒಣಗಲ್ಲ. ಕಿಟಕಿ ಫ್ಲಾಪೆಲ್ಲ ತೆಗೆದಿಟ್ಟು ಮಲಗಿದ್ರೆ ಸ್ವಲ್ಪ ವಾಸಿ. ಆಮೇಲೆ ಸದ್ದು. ಹರಿಯೋ ನೀರಿನ ಸದ್ದಲ್ಲಿ ನಿದ್ದೆ ಚೆನ್ನಾಗಿ ಬರುತ್ತೆ ಅಂತಾರೆ, ನಂಗೂ ಬಂತು, ಆದ್ರೆ ಜೊತೆಲಿದ್ದವನಿಗೆ ಬರ್ಲಿಲ್ಲ, ನೀರಿನ ಸದ್ದಲ್ಲಿ ಹೊರಗೆ ಏನ್ ಓಡಾಡ್ತಿದೆ ಅಂತ ಕೇಳ್ಸಲ್ಲ ಅನ್ನೋದೇ ಅವ್ನ ತಲೆನೋವು. ಎರಡೂ ಸರಿನೇ. ಹಾಗಾಗಿ ಸೈಟೊಳಗೆ ಆಯ್ಕೆ ಇದ್ರೆ ನೀರಿಗೆ ತೀರಾ ಹತ್ರ ಹಾಕ್ಬೇಡಿ, ಹತ್ತಿಪ್ಪತ್ತು ಅಡಿ ಮೇಲಿದ್ರೂ ಬೆಳಗ್ಗೆ ವ್ಯತ್ಯಾಸ ಗೊತ್ತಾಗುತ್ತೆ.

ಕಂಬದ ಕಥೆ ಹೇಳ್ಬೇಕು. ಬೇರ್ ಪೋಲ್ ಅಂತಾರೆ, ಎತ್ತರದ ಸ್ಟೀಲ್ ಕಂಬ, ತುದೀಲಿ ಕೊಕ್ಕೆಗಳು, ಪಕ್ಕದಲ್ಲಿ ಚೀಲ ಎತ್ತಿ ಸಿಗಿಸೋಕೆ ಇನ್ನೊಂದು ಉದ್ದದ ಕೋಲು. ಇಲ್ಲಿರೋದು ಕಪ್ಪು ಕರಡಿ, ಗ್ರಿಜ್ಲಿ ಅಲ್ಲ, ಮನುಷ್ಯರನ್ನ ಕಂಡ್ರೆ ಸಾಮಾನ್ಯವಾಗಿ ತಾನೇ ಓಡೋಗುತ್ತೆ, ಆದ್ರೆ ಒಂದು ಸಲ ಊಟದ ರುಚಿ ಹತ್ತಿದ್ರೆ ಮತ್ತೆ ಮತ್ತೆ ಬರುತ್ತೆ, ಕೊನೆಗೆ ಅದಕ್ಕೇ ಕೇಡು. ನೋಡೋಕೆ ಸುಲಭ ಅನ್ಸುತ್ತೆ ಕಣ್ರಿ, ಭರ್ತಿ ಚೀಲನ ಕೋಲಿನ ತುದಿಗೆ ಸಿಗಿಸಿ ತಲೆ ಮೇಲೆ ಅಷ್ಟೆತ್ತರಕ್ಕೆ ಅಲ್ಲಾಡಿಸದೆ ಎತ್ತಿ ಆ ಸಣ್ಣ ಕೊಕ್ಕೆಗೆ ಹಾಕೋದು ಒಂದು ಕಸರತ್ತೇ, ಕತ್ತಲಾದ್ಮೇಲೆ ಹೆಡ್‌ಲ್ಯಾಂಪ್ ಬೆಳಕಲ್ಲಂತೂ ಬೇಡವೇ ಬೇಡ. ಒಂದೇ ದೊಡ್ಡ ಚೀಲದ ಬದ್ಲು ಎರಡು ಸಣ್ಣ ಚೀಲ ತನ್ನಿ, ಗಟ್ಟಿ ಹಿಡಿ ಇರೋದು. ಊಟ ಮಾತ್ರ ಅಲ್ಲ, ಟೂತ್‌ಪೇಸ್ಟು, ಸೋಪು, ಸನ್‌ಸ್ಕ್ರೀನು, ಲಿಪ್ ಬಾಮು, ಕಸದ ಕವರು, ಬಾಯಿಗೆ ರುಚಿ ಬೇಕು ಅಂತ ಜೇಬಲ್ಲಿಟ್ಕೊಂಡಿರೋ ಚಟ್ನಿಪುಡಿ ಪೊಟ್ಟಣ ಕೂಡ ಮೇಲೇ ಹೋಗ್ಬೇಕು, ವಾಸನೆ ಬರೋದು ಯಾವ್ದೂ ಟೆಂಟಲ್ಲಿ ಇರಬಾರ್ದು. ಕರಡಿ ಬರುತ್ತೋ ಇಲ್ವೋ, ಅಳಿಲಿನ ಥರದ ಚಿಪ್‌ಮಂಕುಗಳು ಮಾತ್ರ ಖಂಡಿತ ಬರ್ತವೆ, ಹಗಲಲ್ಲಿ ಐದು ನಿಮಿಷ ಬ್ಯಾಗ್ ನೆಲದ ಮೇಲೆ ಬಿಟ್ರೆ ತೂತು ಮಾಡಿ ಒಳಗೆ ಹೋಗಿರ್ತವೆ.

ಟಾಯ್ಲೆಟ್ಟು. ಹೆಚ್ಚಿನ ಸೈಟಲ್ಲಿ ಇಲ್ಲ. ಸಣ್ಣ ಸಲಿಕೆ ತಗೊಂಡು ನೀರಿಂದ, ಟ್ರೇಲಿಂದ, ಸೈಟಿಂದ 200 ಅಡಿ ದೂರ ಹೋಗಿ ಆರರಿಂದ ಎಂಟು ಇಂಚು ಗುಂಡಿ ತೆಗೆದು ಕೂತು ಮುಚ್ಚಿ ಬರೋದು, ಪೇಪರ್ ಕವರಲ್ಲಿ ಹಾಕ್ಕೊಂಡು ವಾಪಸ್ ತರೋದು. ಇದು ಕೇಳಿದ್ರೆನೇ ಮುಖ ಹಿಂಡೋರು ಮನೇಲಿದ್ರೆ ಮೊದ್ಲೇ ಹೇಳಿ ಕರ್ಕೊಂಡು ಬನ್ನಿ, ಅಲ್ಲಿ ಹೋಗಿ ಹೇಳಿದ್ರೆ ಜಗಳ ಗ್ಯಾರಂಟಿ. ಪಾತ್ರೆ ತೊಳೆದ ನೀರೂ ಅಷ್ಟೇ, ಸೋಪು ಬಯೋಡಿಗ್ರೇಡಬಲ್ ಅಂತ ಬರ್ದಿದ್ರೂ ನದಿಗೆ ಹಾಕ್ಬೇಡಿ, ದೂರ ಚೆಲ್ಲಿ. ನಾವು ಹೋದಾಗ ಯಾರೋ ಪುಣ್ಯಾತ್ಮರು ತೊರೆಯಲ್ಲೇ ನೂಡಲ್ಸ್ ಪಾತ್ರೆ ತೊಳೆದು ಹೋಗಿದ್ರು, ಕಲ್ಲಿನ ಮಧ್ಯ ಎಳೆ ಎಳೆ ತೇಲ್ತಾ ಇತ್ತು.

ಸರಿ, ಆ ಅರ್ಧ ಸ್ಟಾರ್ ನುಂಗಿದ ಸೊಳ್ಳೆ. ಮೇ ಕೊನೆಯಿಂದ ಜೂನ್‌ವರೆಗೆ ಬ್ಲ್ಯಾಕ್ ಫ್ಲೈ ಅನ್ನೋ ಕಚ್ಚೋ ಸಣ್ಣ ನೊಣ, ಹರಿಯೋ ನೀರಲ್ಲೇ ಹುಟ್ಟೋ ಜಾತಿ ಅದು, ಅಂದ್ರೆ ನದಿ ಪಕ್ಕ ಸೈಟ್ ತಗೊಂಡೋರಿಗೆ ಸ್ಪೆಷಲ್ ದರ್ಶನ. ಕಚ್ಚಿದ್ದು ತಕ್ಷಣ ಗೊತ್ತಾಗಲ್ಲ, ಆಮೇಲೆ ಕಿವಿ ಹಿಂದೆ, ಕೂದಲಂಚಲ್ಲಿ ಊದ್ಕೊಂಡು ರಕ್ತ. ಅದು ಕಮ್ಮಿಯಾಗೋ ಹೊತ್ತಿಗೆ ಸೊಳ್ಳೆ ಸೀಸನ್ನು, ಜೂನು ಜುಲೈ ಪೂರ್ತಿ, ಸಂಜೆ ಊಟ ಮಾಡ್ಬೇಕಾದ್ರೆ ತುತ್ತಿಗೊಂದು ಒಳಗೆ ಹೋಗುತ್ತೆ. ಅದೂ ಮುಗೀತು ಅಂದ್ರೆ ಬಿಸಿ ದಿನದಲ್ಲಿ ಕೆರೆ ದಡದ ಕಡೆ ಸ್ಟೇಬಲ್ ಫ್ಲೈ, ನೋಡೋಕೆ ಮನೆ ನೊಣದ ಥರನೇ, ಹಿಮ್ಮಡಿ ಹುಡ್ಕೊಂಡು ಬಂದು ಸಾಕ್ಸ್ ಮೇಲಿಂದಾನೇ ಚುಚ್ಚುತ್ತೆ, ಡೀಟ್ ಅನ್ನೋ ಸೊಳ್ಳೆ ಓಡಿಸೋ ಮದ್ದು ಹಚ್ಚಿದ್ರೂ ಕ್ಯಾರೇ ಅನ್ನಲ್ಲ. ತಲೆಗೆ ಹಾಕೋ ಬಲೆ ಒಂದು ಕೊಳ್ಳಿ, ನಾಲ್ಕು ಕಾಸಿನ ವಸ್ತು ಅದು, ನೋಡೋಕೆ ಕಾಮಿಡಿಯಾಗಿರುತ್ತೆ, ಆದ್ರೆ ನನ್ನ ಇಡೀ ಬ್ಯಾಗಲ್ಲಿ ಅತಿ ಬೆಲೆಬಾಳೋ ಐಟಮ್ ಅದೇ ಆಗೋಯ್ತು. ಬಟ್ಟೆಗೆ ಪರ್ಮೆಥ್ರಿನ್ ಅನ್ನೋ ಕೀಟನಾಶಕದ ಸ್ಪ್ರೇ ಮನೇಲೇ ಹೊಡೆದು ಒಣಗಿಸ್ಕೊಂಡು ಬನ್ನಿ, ರಕ್ತ ಹೀರೋ ಉಣ್ಣಿಗೂ (ಟಿಕ್) ಅದೇ ಮದ್ದು, ಸಂಜೆ ಕಾಲು ತೊಡೆ ಸಂದೆಲ್ಲ ಒಂದ್ಸಲ ನೋಡ್ಕೊಳ್ಳಿ. ಇಷ್ಟೆಲ್ಲ ತಲೆನೋವು ಬೇಡ ಅಂದ್ರೆ ಅಮೆರಿಕದ ಲೇಬರ್ ಡೇ, ಅಂದ್ರೆ ಸೆಪ್ಟೆಂಬರ್‌ನ ಮೊದಲ ಸೋಮವಾರ ದಾಟಿದ ಮೇಲೆ ಹೋಗಿ, ಸೊಳ್ಳೆ ಹೆಚ್ಚುಕಮ್ಮಿ ಇರಲ್ಲ, ಜನನೂ ಕಮ್ಮಿ, ರಾತ್ರಿ ಚಳಿ ಮಾತ್ರ ಗಟ್ಟಿ, ಬೇಸಿಗೆಯ ತೆಳು ಸ್ಲೀಪಿಂಗ್ ಬ್ಯಾಗ್ ಸಾಲಲ್ಲ. ಸೆಪ್ಟೆಂಬರ್ ಕೊನೆಗೆ ಮೇಪಲ್ ಬಣ್ಣ ತಿರುಗೋ ಹೊತ್ತಿಗೆ ಮತ್ತೆ ರಶ್ಶು.

ಬೆಂಕಿ ಬಗ್ಗೆ ಹೆಚ್ಚಿಗೆ ಆಸೆ ಇಟ್ಕೊಬೇಡಿ. ಬಿದ್ದು ಒಣಗಿದ ಕಟ್ಟಿಗೆ ಬಿಟ್ಟು ನಿಂತಿರೋ ಮರಕ್ಕೆ ಕೈ ಹಾಕೋ ಹಾಗಿಲ್ಲ, ಈ ತೇವದ ಕಾಡಲ್ಲಿ ಬಿದ್ದಿದ್ದೆಲ್ಲ ನೆನೆದಿರುತ್ತೆ, ಊದಿ ಊದಿ ಕಣ್ಣು ಕೆಂಪಾಗೋದೇ ಬಂತು. ಅಡಿಗೆಗೆ ಗ್ಯಾಸ್ ಸ್ಟವ್ವೇ ಗತಿ. ಮನೆ ಕಡೆಯಿಂದ ಸೌದೆ ಕಾರಲ್ಲಿ ಹಾಕ್ಕೊಂಡು ಬರೋ ಐಡಿಯಾನೂ ಬೇಡ, ಸೌದೆ ಜೊತೆ ಹುಳ ಊರೂರು ಸುತ್ತುತ್ತೆ, 2002ರಲ್ಲಿ ಡೆಟ್ರಾಯ್ಟ್ ಹತ್ರ ಮೊದ್ಲು ಪತ್ತೆಯಾದ ಎಮರಾಲ್ಡ್ ಆಶ್ ಬೋರರ್ ಅನ್ನೋ ಹಸಿರು ಹುಳ ಹೀಗೇ ಹರಡಿ ಕೋಟ್ಯಂತರ ಆಶ್ ಮರ ತಿಂದು ಹಾಕಿದೆ.

ನಡೆಯೋಕಾಗಲ್ಲ, ಚಿಕ್ಕ ಮಕ್ಕಳಿದಾರೆ ಅನ್ನೋರಿಗೆ ಇದೇ ಪಾರ್ಕಲ್ಲಿ ಪಶ್ಚಿಮದ ತುದಿಗೆ ಪ್ರೆಸ್ಕ್ ಐಲ್ ನದಿ ಹತ್ರ ರಸ್ಟಿಕ್ ಕ್ಯಾಂಪ್‌ಗ್ರೌಂಡ್ ಇದೆ. ಕಾರು ಟೆಂಟ್ ಪಕ್ಕಕ್ಕೇ ಬರುತ್ತೆ, ಗುಂಡಿ ಟಾಯ್ಲೆಟ್ ಇದೆ, ಕರೆಂಟು ಶವರು ಅಲ್ಲೂ ಇಲ್ಲ. ನದಿ ಲಿಟಲ್ ಕಾರ್ಪ್‌ಗಿಂತ ಎಷ್ಟೋ ದೊಡ್ಡದು, ಗಾಢ ಕಂದು ನೀರು, ನವಡಾಹಾ, ಮನಿಡೊ, ಮನಬೆಜೊ ಅಂತ ಮೂರು ಜಲಪಾತ ಒಂದರ ಕೆಳಗೊಂದು, ಸುತ್ತ ಹಲಗೆ ದಾರಿ ಮೆಟ್ಟಿಲು ಮಾಡಿದಾರೆ, ಸುಳಿಯಲ್ಲಿ ಕಲ್ಲು ತಿರುಗಿ ತಿರುಗಿ ಶೇಲ್ ಬಂಡೆಯಲ್ಲಿ ಕೊರೆದಿರೋ ದುಂಡನೆ ಗುಂಡಿಗಳನ್ನ ನೋಡೋಕೆ ಅಂತಾನೇ ಹೋಗಬಹುದು. ನೋಡೋಕೆ ಅಷ್ಟೇ, ಇಳಿಯೋಕಲ್ಲ, ಅಲ್ಲಿ ಸೆಳೆತ ಜಾಸ್ತಿ, ಜನ ಮುಳುಗಿ ಸತ್ತಿರೋ ಜಾಗ ಅದು. ನೋಟಕ್ಕೆ ಪ್ರೆಸ್ಕ್ ಐಲೇ ಗೆಲ್ಲುತ್ತೆ, ಅನುಮಾನ ಬೇಡ, ಆದ್ರೆ ಪಕ್ಕದ ಸೈಟಿನವರ ಕಾರ್ ಬಾಗಿಲು ದಬದಬ ಅನ್ನೋದು ರಾತ್ರಿ ಹನ್ನೊಂದರವರೆಗೂ ಕೇಳುತ್ತೆ. ನಾನು ಮತ್ತೆ ಹೋದ್ರೆ ಅಲ್ಲಿಗೆ ಹಗಲು ಹೋಗಿ ನೋಡ್ಕೊಂಡು ರಾತ್ರಿಗೆ ಲಿಟಲ್ ಕಾರ್ಪ್‌ಗೆ ಬರ್ತೀನಿ.

ಬುಕಿಂಗು ಮಿಷಿಗನ್ ಸ್ಟೇಟ್ ಪಾರ್ಕ್ ವೆಬ್‌ಸೈಟಲ್ಲೇ, ಸೈಟ್ ನಂಬರ್ ಹಿಡಿದು ಮಾಡ್ಬೇಕು, ಸಿಕ್ಕ ಸಿಕ್ಕಲ್ಲಿ ಟೆಂಟ್ ಹಾಕೋ ಹಾಗಿಲ್ಲ. ವೀಕೆಂಡ್‌ದು ತಿಂಗಳುಗಟ್ಲೆ ಮೊದ್ಲೇ ಖಾಲಿಯಾಗಿರುತ್ತೆ, ಮಂಗಳವಾರ ಬುಧವಾರ ನೋಡಿ. ಗಾಡಿಗೆ ಪಾರ್ಕ್ ಪ್ರವೇಶದ ಪಾಸು, ಅಂದ್ರೆ ರಿಕ್ರಿಯೇಷನ್ ಪಾಸ್‌ಪೋರ್ಟ್ ಬೇರೆ ಬೇಕು, ಮಿಷಿಗನ್ ನಂಬರ್ ಪ್ಲೇಟ್ ಇದ್ರೆ ರಿಜಿಸ್ಟ್ರೇಷನ್ ಜೊತೆನೇ ಕಮ್ಮೀಲಿ ಆಗುತ್ತೆ, ಹೊರ ರಾಜ್ಯದ ಗಾಡಿಗೆ ಜಾಸ್ತಿ.

ಟ್ರೇಲ್ ಕೆಲವು ಕಡೆ ಸೇತುವೆ ಇಲ್ದೆ ನದಿ ದಾಟುತ್ತೆ, ಹಿಂದೆ ಪಟ್ಟಿ ಇರೋ ಸ್ಯಾಂಡಲ್ ಒಂದು ಜೊತೆ ಬೇಕು, ಜೋರು ಮಳೆ ಬಂದ ಮಾರನೇ ದಿನ ನೀರು ಏರಿದ್ರೆ ಕಾಯೋದೇ, ಹೀರೋಗಿರಿ ಬೇಡ. ಫೋನ್ ಟೈಮನ್ನೂ ಪೂರ್ತಿ ನಂಬ್ಬೇಡಿ, ಪಾರ್ಕು ಎರಡು ಕೌಂಟಿಯಲ್ಲಿ ಹರಡಿದೆ, ಒಂಟನಾಗನ್ ಈಸ್ಟರ್ನ್ ಟೈಮು, ಗೊಗೀಬಿಕ್ ಸೆಂಟ್ರಲ್ ಟೈಮು, ಸಿಗ್ನಲ್ ಅಲ್ಲೊಂದು ಇಲ್ಲೊಂದು ಸಿಕ್ಕಿದಾಗ ಗಂಟೆ ಹಿಂದೆ ಮುಂದೆ ಹಾರ್ತಿರುತ್ತೆ. ಈಸ್ಟರ್ನ್ ಟೈಮಿನ ತೀರಾ ಪಶ್ಚಿಮ ಅಂಚಾದ್ರಿಂದ ಜೂನಲ್ಲಿ ಸೂರ್ಯ ಮುಳುಗೋದೇ ರಾತ್ರಿ ಹತ್ತರ ಹತ್ರ, ಮಧ್ಯಾಹ್ನ ಮೂರಕ್ಕೆ ಪಾರ್ಕ್ ಮುಟ್ಟಿದ್ರೂ ನಿಧಾನಕ್ಕೆ ನಡೆದು ಬೆಳಕಲ್ಲೇ ಟೆಂಟ್ ಹಾಕಿ ಊಟ ಮುಗಿಸಿ ಚೀಲ ಕಂಬಕ್ಕೇರಿಸಬಹುದು. ಸೆಪ್ಟೆಂಬರ್‌ಗೆ ಈ ಲೆಕ್ಕ ನಡೆಯಲ್ಲ, ಆಗ ಬೆಳಗ್ಗೆನೇ ಹೊರಡಿ, ಪೇಪರ್ ಮ್ಯಾಪ್ ಒಂದು ವಿಸಿಟರ್ ಸೆಂಟರ್‌ನಲ್ಲಿ ಕೇಳಿ ತಗೊಂಡೇ ಒಳಗೆ ಹೋಗಿ.