ಒಂದೇ ಮಿಗ್, ಮೂರು ಮೈ

ಮಿಗ್-21 ಯುದ್ಧವಿಮಾನದ ಒಂದು ರೆಕ್ಕೆಯ ತುದಿಯಿಂದ ಇನ್ನೊಂದು ರೆಕ್ಕೆಯ ತುದಿಗೆ 7.154 ಮೀಟರ್. 72ರಿಂದ ಭಾಗಿಸಿದರೆ 99.4 ಮಿ.ಮೀ., 48ರಿಂದ ಭಾಗಿಸಿದರೆ 149 ಮಿ.ಮೀ. ಈ ಎರಡು ಅಂಕಿಗಳನ್ನು ಮೇಜಿನ ಅಂಚಿಗೆ ಪೆನ್ಸಿಲ್ಲಿನಿಂದ ಬರೆದಿಟ್ಟುಕೊಂಡು ಒಂದೇ ವಿಮಾನದ ಮಾದರಿಯನ್ನು ಮೂರು ಸಲ ಕಟ್ಟಿದೆ. 2025ರ ಆಷಾಢದ ಜಿಟಿಜಿಟಿ ಮಳೆಯಲ್ಲಿ 1/72ರ, ಅಂದರೆ ಅಸಲಿಯ 72ನೇ ಒಂದು ಪಾಲಿನ ಅಳತೆಯ ಪ್ಲಾಸ್ಟಿಕ್ ಕಿಟ್, ದಸರೆ ಮುಗಿದ ಮೇಲೆ 1/48ರ ಅಳತೆಗೆ ಕಟ್ಟಿಗೆಯದು, ಸಂಕ್ರಾಂತಿಯ ಹೊತ್ತಿಗೆ 1/48ರ ಪ್ಲಾಸ್ಟಿಕ್ ಕಿಟ್. ಮೂರೂ ಟೈಪ್ 75, ಅಂದರೆ ಎಚ್‌ಎಎಲ್‌ನ ನಾಸಿಕ್ ಕಾರ್ಖಾನೆಯಲ್ಲಿ ತಯಾರಾದ ಮಿಗ್-21 ಬಿಸ್. ಇವುಗಳಲ್ಲಿ ಯಾವುದು ಅಸಲಿ ವಿಮಾನಕ್ಕೆ ಹೆಚ್ಚು ಹತ್ತಿರ ಬಂತು ಅನ್ನುವುದೇ ಈ ಬರಹ.

ನಾನು ಬೆಳಗಾವಿಯ ಉದ್ಯಮಬಾಗಿನಲ್ಲಿ ಫೌಂಡ್ರಿಗಳಿಗೆ ಪ್ಯಾಟರ್ನ್ ಮಾಡುವವನು. ಎರಕ ಹೊಯ್ಯುವ ಮೊದಲು ಮರಳಿನಲ್ಲಿ ಅಚ್ಚು ಒತ್ತಲು ಬೇಕಾಗುವ ಕಟ್ಟಿಗೆಯ ರೂಪಕ್ಕೆ ಪ್ಯಾಟರ್ನ್ ಅನ್ನುತ್ತಾರೆ. ಉಳಿ, ರಂದಾ, ಕೂದಲೆಳೆಯಷ್ಟನ್ನೂ ಅಳೆಯುವ ವರ್ನಿಯರ್ ಕೈಗೆ ಒಗ್ಗಿದವು, ಪ್ಲಾಸ್ಟಿಕ್ ಮಾತ್ರ ಹೊಸದು. ತೀರ್ಪು ಹೇಳುವ ಕೆಲಸ ಸೋದರಮಾವನಿಗೆ ಬಿಟ್ಟಿದ್ದೆ. ಅವರು ಸಾಂಬ್ರಾದ ವಾಯುಪಡೆಯ ತರಬೇತಿ ಶಾಲೆಯಲ್ಲಿ ಕಲಿತು, ಏರ್‌ಫ್ರೇಮ್ ಫಿಟ್ಟರ್ ಆಗಿ ವರ್ಷಗಟ್ಟಲೆ ಮಿಗ್‌ಗಳ ಹೊಟ್ಟೆಯ ಕೆಳಗೆ ಮಲಗಿ ಕೆಲಸ ಮಾಡಿದವರು. 1963ರಲ್ಲಿ ಚಂಡೀಗಢದಲ್ಲಿ 28ನೇ ಸ್ಕ್ವಾಡ್ರನ್ ಕಟ್ಟಿ ಶುರುವಾದ ಮಿಗ್-21ರ ಸೇವೆ 2025ರ ಸೆಪ್ಟೆಂಬರ್ 26ರಂದು ಅದೇ ಚಂಡೀಗಢದಲ್ಲಿ ಮುಗಿಯಿತು. ನವರಾತ್ರಿಯ ಆ ದಿನ ಮಾಮಾ ಟಿ.ವಿ. ಮುಂದಿನಿಂದ ಏಳಲಿಲ್ಲ, ಊಟವನ್ನೂ ಅಲ್ಲೇ ಮಾಡಿದರು.

ಮೊದಲು ಏನನ್ನು ಅಳೆಯಬೇಕು ಅನ್ನುವುದನ್ನು ಗೊತ್ತುಮಾಡಿಕೊಂಡೆ. ರೆಕ್ಕೆಯ ಮುಂದಂಚು 57 ಡಿಗ್ರಿ ಹಿಂದಕ್ಕೆ ವಾಲಬೇಕು. ಎದುರಿನಿಂದ ನೋಡಿದರೆ ಎರಡೂ ರೆಕ್ಕೆ 2 ಡಿಗ್ರಿಯಷ್ಟು ಕೆಳಕ್ಕೆ ಇಳಿದಿರಬೇಕು. ಮೂಗಿನ ಮೇಲಿನ, ಹಾರಾಟದ ವೇಗ ಅಳೆಯುವ ಉದ್ದನೆಯ ಪಿಟೊ ಕಡ್ಡಿ ನಡುವೆ ಇರದೆ ಬಲಕ್ಕೆ ಸರಿದಿರಬೇಕು. ಎಲ್ಲಕ್ಕಿಂತ ಮುಖ್ಯ ಬೆನ್ನು. ಮಿಗ್-21ರ ಪ್ರತಿಯೊಂದು ಪೀಳಿಗೆಗೂ ಬೆನ್ನು ಬೇರೆ. ಮೊದಮೊದಲಿನವು ಸಪೂರ ಬೆನ್ನಿನವು, ಬಿಸ್ ತುಂಬಿದ ಬೆನ್ನಿನದು. ಮಾಮಾ ಮೊದಲ ದಿನವೇ ಹೇಳಿದ್ದರು: “ಬೆನ್ನ ತಪ್ಪಿತಂದ್ರ ಎಲ್ಲಾ ತಪ್ಪಿತು, ಅಳಿಯಾ. ಬಣ್ಣ ಆಮ್ಯಾಲ ನೋಡೂಣು.”

1/72ರ ಕಿಟ್ ಗೆಳೆಯರೊಬ್ಬರ ಅಟ್ಟದಲ್ಲಿದ್ದ ಹಳೆಯ ಪೆಟ್ಟಿಗೆ. ಈ ಅಳತೆಯಲ್ಲಿ ಆರು ಅಡಿ ಒಂದು ಇಂಚಾಗುತ್ತದೆ. ವಿಮಾನ ಅಂಗೈ ಮೇಲೆ ಕೂರುತ್ತದೆ, ಹತ್ತು ವಿಮಾನ ಒಂದೇ ಕಪಾಟಿನಲ್ಲಿ ಹಿಡಿಸುತ್ತವೆ. ಕಟ್ಟುವುದೂ ಬೇಗ, ಮೂರು ಭಾನುವಾರಗಳಲ್ಲಿ ನಿಂತೇಬಿಟ್ಟಿತು. ಆದರೆ ಈ ಅಳತೆಯಲ್ಲಿ ತಪ್ಪು 72 ಪಟ್ಟಾಗುತ್ತದೆ. ಅಚ್ಚಿನಲ್ಲಿ ತಗಡುಗಳು ಕೂಡುವ ಕಡೆಯ ಗೆರೆಗಳು 0.2 ಮಿ.ಮೀ. ಅಗಲ ಬಂದಿದ್ದವು. ಅಸಲಿ ವಿಮಾನದಲ್ಲಿ ಅದು 14 ಮಿ.ಮೀ.ಗೂ ಹೆಚ್ಚು. ತಗಡಿನ ಎರಡು ಹಾಳೆಗಳ ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟರೆ ಯಾವ ವಿಮಾನ ಹಾರೀತು? ನನ್ನ ಪೆಟ್ಟಿಗೆಯ ರೆಕ್ಕೆಗಳು ನೆಟ್ಟಗೆ ಹಲಗೆಯಂತೆ ಕೂರುತ್ತಿದ್ದವು. 2 ಡಿಗ್ರಿ ಅಂದರೆ ಈ ಅಳತೆಯಲ್ಲಿ ತುದಿಗೆ ಒಂದೂವರೆ ಮಿ.ಮೀ. ಕೂಡ ಇಳಿಯುವುದಿಲ್ಲ, ಅದನ್ನು ಬಿಟ್ಟುಬಿಡೋಣ ಅನ್ನಿಸುತ್ತದೆ. ಬಿಡಬಾರದು. ಎದುರಿನಿಂದ ನೋಡಿದಾಗ ಮಿಗ್ ಭುಜ ಇಳಿಬಿಟ್ಟುಕೊಂಡು ನಿಂತಂತೆ ಕಾಣುವುದು ಆ ಒಂದೂವರೆ ಮಿ.ಮೀ.ನಿಂದಲೇ. ಸಾಗವಾನಿ ತುಂಡಿನಿಂದ ಇಳಿಜಾರಿನ ಒಂದು ಜಿಗ್ ಮಾಡಿ, ಅಂಟು ಹಚ್ಚಿದ ರೆಕ್ಕೆಗಳನ್ನು ರಾತ್ರಿಯಿಡೀ ಅದರಲ್ಲಿ ಬಿಗಿದಿಟ್ಟೆ. ಬೆಳಿಗ್ಗೆ ಕೋನ ಸರಿ ಬಂದಿತ್ತು.

ಬೆನ್ನು ಮಾತ್ರ ಸರಿ ಬರಲಿಲ್ಲ. ನಕ್ಷೆಯಿಂದ ಕತ್ತರಿಸಿದ ರಟ್ಟಿನ ಟೆಂಪ್ಲೆಟ್ ಇಟ್ಟು ನೋಡಿದರೆ ಪೈಲಟ್ ಗೂಡಿನ ಹಿಂದೆ ಅರ್ಧ ಮಿ.ಮೀ. ತಗ್ಗು. ಪುಟ್ಟಿ ಹಚ್ಚಿ ಎತ್ತರಿಸಬಹುದಿತ್ತು, ಆದರೆ ಹಾಗೆ ಮಾಡಿದರೆ ಗಾಜಿನ ಮುಚ್ಚಳವೂ ಬಾಲದ ಬುಡವೂ ಹೊಂದುತ್ತಿರಲಿಲ್ಲ. ಹಾಗೆಯೇ ಬಿಟ್ಟೆ.

ಕಟ್ಟಿಗೆಯ ಕೆಲಸ ಹಿಡಿದದ್ದು ಬನ್ನಿ ಹಂಚಿದ ಮರುದಿನ. ಈ ಕೆಲಸಕ್ಕೊಂದು ಹಿರಿತನವಿದೆ. ಪ್ಲಾಸ್ಟಿಕ್ ಕಿಟ್‌ಗಳು ಮನೆಮಾತಾಗುವ ಮೊದಲು ಮಾದರಿ ವಿಮಾನ ಅಂದರೆ ಹೆಚ್ಚಾಗಿ ಕಟ್ಟಿಗೆಯದೇ. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲೆಯ ಮಕ್ಕಳಿಂದ 1/72ರ ಅಳತೆಯಲ್ಲಿ 5 ಲಕ್ಷ ಕಟ್ಟಿಗೆಯ ವಿಮಾನಗಳನ್ನು ಮಾಡಿಸಲು ಹೊರಟಿತು. ಅವಕ್ಕೆ ಕಪ್ಪು ಬಣ್ಣ ಬಿಟ್ಟರೆ ಬೇರೇನೂ ಇಲ್ಲ. ಆಕಾಶದಲ್ಲಿ ಬರುತ್ತಿರುವುದು ನಮ್ಮದೋ ಶತ್ರುವಿನದೋ ಅನ್ನುವುದನ್ನು ಬರೀ ಆಕಾರದಿಂದ ಗುರುತಿಸಲು ಸೈನಿಕರಿಗೆ ಕಲಿಸುವುದು ಉದ್ದೇಶ. 35 ಅಡಿ ದೂರದಿಂದ ನೋಡಿದ ಆ ಮಾದರಿ 2520 ಅಡಿ ದೂರದ, ಅಂದರೆ ಹೆಚ್ಚುಕಡಿಮೆ ಅರ್ಧ ಮೈಲಿ ಆಚೆಯ ವಿಮಾನಕ್ಕೆ ಸಮ. ಆ ಮಾದರಿಗಳಲ್ಲಿ ಕಿಟಕಿಯ ಚೌಕಟ್ಟಿರಲಿಲ್ಲ, ರಿವೆಟ್ ಇರಲಿಲ್ಲ. ಆಕಾರ ತಪ್ಪಿದ್ದನ್ನು ಮಾತ್ರ ಒಪ್ಪಿಕೊಳ್ಳುತ್ತಿರಲಿಲ್ಲ.

ಮೈಗೆ ಹಳೆಯ ಪ್ಯಾಟರ್ನ್ ಒಂದರಲ್ಲಿ ಉಳಿದ ಸಾಗವಾನಿ ತೆಗೆದುಕೊಂಡೆ. ವರ್ಷಗಟ್ಟಲೆ ಒಣಗಿದ ಕಟ್ಟಿಗೆ, ಇನ್ನು ಸೊಟ್ಟಗಾಗುವುದಿಲ್ಲ. ಎರಡು ಹಲಗೆಗಳ ನಡುವೆ ಕಾಗದವಿಟ್ಟು ಅಂಟಿಸಿ, ಕೆತ್ತಿ ಮುಗಿದ ಮೇಲೆ ಉಳಿಯಿಂದ ಸೀಳಿದರೆ ನಟ್ಟನಡುವಿನ ಗೆರೆ ತಾನಾಗಿ ಸಿಗುತ್ತದೆ. ಇಬ್ಭಾಗದ ಪ್ಯಾಟರ್ನ್‌ಗಳನ್ನೂ ನಾವು ಹಾಗೆಯೇ ಮಾಡುವುದು. ಮೂಗಿನಿಂದ ಬಾಲದವರೆಗೆ ಒಂಬತ್ತು ಕಡೆ ರಟ್ಟಿನ ಟೆಂಪ್ಲೆಟ್ ಇಟ್ಟು, ಬೆಳಕು ನುಸುಳದಷ್ಟು ಕೂರುವವರೆಗೆ ಉಜ್ಜಿದೆ. ಬೆನ್ನಿಗೇ ಎರಡು ವಾರ ಹಿಡಿಯಿತು. ಆ ಎರಡು ವಾರದಲ್ಲಿ ಬಿಸ್‌ನ ಬೆನ್ನು ಎಲ್ಲಿ ಏಳುತ್ತದೆ, ಎಲ್ಲಿ ಮಟ್ಟಸವಾಗುತ್ತದೆ, ಬಾಲದ ಬುಡಕ್ಕೆ ಹೇಗೆ ಕರಗಿ ಸೇರುತ್ತದೆ ಅನ್ನುವುದು ಬೆರಳಿಗೆ ಗೊತ್ತಾಯಿತು. ಪೆಟ್ಟಿಗೆಯಿಂದ ತೆಗೆದು ಅಂಟಿಸಿದಾಗ ಈ ತಿಳಿವಳಿಕೆ ಬಂದಿರಲಿಲ್ಲ.

ರೆಕ್ಕೆ ಕಟ್ಟಿಗೆಯ ಪರೀಕ್ಷೆ. ಮಿಗ್-21ರ ರೆಕ್ಕೆ ಬಹಳ ತೆಳು, ದಪ್ಪ ಅಗಲದ ಸುಮಾರು ಶೇ. 5 ಮಾತ್ರ. 1/48ಕ್ಕೆ ಇಳಿಸಿದರೆ ಬುಡದಲ್ಲಿ ಸುಮಾರು 5 ಮಿ.ಮೀ., ತುದಿಯಲ್ಲಿ ಅರ್ಧ ಮಿ.ಮೀ.ಗೂ ಕಡಿಮೆ. ಸಾಗವಾನಿಯಲ್ಲಿ ಮಾಡಿದ ಮೊದಲ ಎರಡು ರೆಕ್ಕೆಗಳು ತುದಿಯಲ್ಲಿ ನಾರಿನ ಉದ್ದಕ್ಕೆ ಸೀಳಿದವು. ಮೂರನೆಯ ಸಲ ನಾರು ಅಡ್ಡ ಉದ್ದ ಹಾಯ್ದಿರುವ ತೆಳು ಪ್ಲೈವುಡ್ ಪದರಗಳನ್ನು ಅಂಟಿಸಿ ಉಜ್ಜಿದೆ, ಬಾಳಿತು. ಆಮೇಲೆ ನಾರಿನ ಸಂದು ಮುಚ್ಚುವ ಸ್ಯಾಂಡಿಂಗ್ ಸೀಲರ್‌ಗೆ ಟಾಲ್ಕಂ ಪುಡಿ ಬೆರೆಸಿ ನಾಲ್ಕು ಸಲ ಬಳಿದು, ಪ್ರತಿ ಸಲ 400, 600, 800 ನಂಬರಿನ ಪಾಲಿಶ್ ಪೇಪರ್. ಗೋಕಾಕದ ಕಟ್ಟಿಗೆಯ ಹಣ್ಣುಗಳನ್ನು ಕೈಯಲ್ಲಿ ಹಿಡಿದವರಿಗೆ ಗೊತ್ತು, ಬಣ್ಣದ ಕೆಳಗೆ ನಾರು ಕಂಡರೆ ಹಣ್ಣು ಹಣ್ಣಾಗುವುದಿಲ್ಲ. ವಿಮಾನಕ್ಕೂ ಅದೇ ಮಾತು.

ಇಷ್ಟೆಲ್ಲ ಆಗಿ ವರ್ನಿಯರ್ ಹಿಡಿದರೆ ರೆಕ್ಕೆಯಗಲ 150.5 ಮಿ.ಮೀ. 149 ಬರಬೇಕಿತ್ತು. ಎಲ್ಲಿ ತಪ್ಪಿದೆ ಅಂತ ಹುಡುಕುತ್ತಾ ಒಂದು ಸಂಜೆ ಪೂರ್ತಿ ಹೋಯಿತು. ಕೊನೆಗೆ ಸಿಕ್ಕಿದ್ದು ನನ್ನ ಸ್ಕೇಲ್‌ನಲ್ಲಿ. ಬೀಡು ಕಬ್ಬಿಣ ತಣಿಯುವಾಗ ಕುಗ್ಗುತ್ತದೆ. ಅದಕ್ಕಾಗಿ ಪ್ಯಾಟರ್ನ್ ಮಾಡುವವರ ಬಳಿ ಮೀಟರಿಗೆ 10 ಮಿ.ಮೀ. ಹಿಗ್ಗಿಸಿ ಗೆರೆ ಹಾಕಿದ ಸ್ಕೇಲ್ ಇರುತ್ತದೆ. ರೂಢಿಯಲ್ಲಿ ಅದನ್ನೇ ಎತ್ತಿಕೊಂಡಿದ್ದೆ, ಟೆಂಪ್ಲೆಟ್‌ಗಳ ಗೆರೆಗಳನ್ನೂ ಅದರಿಂದಲೇ ಎಳೆದಿದ್ದೆ. ಇಡೀ ವಿಮಾನ ಶೇ. 1ರಷ್ಟು ದೊಡ್ಡದಾಗಿ ಕೂತಿತ್ತು. ಒಂದೂವರೆ ಮಿ.ಮೀ. ಅಂದರೆ ಅಸಲಿ ವಿಮಾನದಲ್ಲಿ 72 ಮಿ.ಮೀ. ಮನಸ್ಸಿಗೆ ಬಹಳ ಬೇಸರವಾಯಿತು.

1/48ರ ಕಿಟ್ ಜೆಕ್ ದೇಶದ ಎಡುವಾರ್ಡ್‌ನದು. ಪೆಟ್ಟಿಗೆ ತೆರೆದಾಗಲೇ ಕೆಲಸದವರ ಕೈ ಕಾಣುತ್ತದೆ. ಗೆರೆಗಳು ಕೂದಲೆಳೆಯಂತೆ, ರಿವೆಟ್ ಸಾಲುಗಳು ಬೆಳಕು ಅಡ್ಡ ಬಿದ್ದಾಗ ಮಾತ್ರ ಕಾಣುವಷ್ಟು. ಚಕ್ರದ ಗುಂಡಿಗಳಲ್ಲಿ ಕೊಳವೆಗಳು, ಪೈಲಟ್ ಗೂಡಿನಲ್ಲಿ ಒಂದೊಂದು ಗಡಿಯಾರದ ಮುಖ. ರಷ್ಯನ್ ವಿಮಾನಗಳ ಗೂಡಿಗೆ ಬಳಿಯುವ ಆ ಹಸಿರು ಬೆರೆತ ನೀಲಿಯನ್ನು ಬೆರೆಸಿಕೊಳ್ಳುವುದಕ್ಕೇ ನನಗೆ ಎರಡು ದಿನ ಬೇಕಾಯಿತು. 1/72ರಲ್ಲಿ ಆ ಬಣ್ಣ ಒಂದು ಚುಕ್ಕೆ. ಇಲ್ಲಿ ಅದು ಒಂದು ಕೋಣೆ. ಬೆಂಗಳೂರಿನ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ನಲ್ಲಿ ನಿಂತಿರುವ ಮಿಗ್‌ನ ಚಕ್ರದ ಕಾಲುಗಳ ಚಿತ್ರ ತೆಗೆದುಕೊಂಡು ಬಂದಿದ್ದೆ. ಪಕ್ಕಕ್ಕಿಟ್ಟು ನೋಡಿದರೆ ಕಿಟ್‌ನ ಕಾಲಿಗೆ ಸೇರಿಸಬೇಕಾದದ್ದು ಬ್ರೇಕಿನ ಒಂದೆರಡು ಪೈಪು ಮಾತ್ರ, ಅದಕ್ಕೆ ಮೋಟರ್ ವೈಂಡಿಂಗಿನ ತಂತಿ ಸಾಕು. ಪಿಟೊ ಕಡ್ಡಿಗೆ ಮಾತ್ರ ಮೂರೂ ವಿಮಾನಗಳಲ್ಲಿ ಔಷಧಿ ಅಂಗಡಿಯ ಇಂಜೆಕ್ಷನ್ ಸೂಜಿ ಹಾಕಿದೆ. ಪ್ಲಾಸ್ಟಿಕ್ ಕಡ್ಡಿ ಒರೆಸುವ ಬಟ್ಟೆಗೆ ಸಿಕ್ಕಿ ಮುರಿಯುವುದು ಗ್ಯಾರಂಟಿ, ಸೂಜಿ ಮುರಿಯುವುದಿಲ್ಲ. ಮೊನೆಯನ್ನು ಅರದಿಂದ ಉಜ್ಜಿ ಮೊಂಡು ಮಾಡಿ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಮರೆಯಲೇಬಾರದು.

ಬಣ್ಣದ ವಿಷಯದಲ್ಲಿ ಮೂರು ವಿಮಾನಗಳಿಗಿಂತ ಹೆಚ್ಚಾಗಿ ನಮ್ಮೂರಿನ ಮಳೆಯೇ ಪಾಠ ಕಲಿಸಿತು. ಆಷಾಢದಲ್ಲಿ 1/72ಕ್ಕೆ ತಿನ್ನರ್ ಬೆರೆಸಿದ ಲ್ಯಾಕರ್ ಬಣ್ಣ ಹೊಡೆದೆ. ಅರ್ಧ ಗಂಟೆಯಲ್ಲಿ ಮೈಮೇಲೆಲ್ಲ ಬೂದಿ ಸವರಿದಂತೆ ಬಿಳಿ ಹಿಡಿಯಿತು. ತಿನ್ನರ್ ಬೇಗ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಬಣ್ಣದೊಳಗೆ ಸಿಕ್ಕಿಬೀಳುತ್ತದೆ, ಅದಕ್ಕೇ ಹಾಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯಲ್ಲಿ ನೀರಿನ ಅಕ್ರಿಲಿಕ್ ಬಣ್ಣವೇ ವಾಸಿ. ಸಂಕ್ರಾಂತಿಯ ಒಣ ಹವೆಯಲ್ಲಿ ಅದೇ ಲ್ಯಾಕರ್ 1/48ರ ಮೇಲೆ ಗಾಜಿನಂತೆ ಕೂತಿತು. ಕುಂಚದ ಬಣ್ಣ ಸುಲಭವಾಗಿ 0.1 ಮಿ.ಮೀ. ದಪ್ಪ ಬರುತ್ತದೆ, 1/72ರ ಲೆಕ್ಕದಲ್ಲಿ ಅದು 7 ಮಿ.ಮೀ. ದಪ್ಪದ ಗಿಲಾವು. ಹಾಗಾಗಿ ಸಣ್ಣ ಅಳತೆಗೇ ಬಣ್ಣವನ್ನು ಗಾಳಿಯ ಒತ್ತಡದಿಂದ ತೆಳ್ಳಗೆ ಸಿಂಪಡಿಸುವ ಏರ್‌ಬ್ರಷ್ ಹೆಚ್ಚು ಬೇಕು, ದೊಡ್ಡದಕ್ಕಲ್ಲ. 0.3 ಮಿ.ಮೀ. ನಳಿಕೆ, 15ರಿಂದ 20 ಪಿಎಸ್‌ಐ ಒತ್ತಡ ಸಾಕು. ಸಣ್ಣ ಮಾದರಿ ಅಂದರೆ ದೂರದಿಂದ ಕಂಡ ವಿಮಾನ, ದೂರಕ್ಕೆ ಬಣ್ಣ ತಿಳಿಯಾಗುತ್ತದೆ. ಬೂದು ಬಣ್ಣಕ್ಕೆ 1/72ರಲ್ಲಿ ಏಳು ಪಾಲಿಗೆ ಒಂದು ಪಾಲು, 1/48ರಲ್ಲಿ ಹತ್ತು ಪಾಲಿಗೆ ಒಂದು ಪಾಲು ಬಿಳಿ ಬೆರೆಸಿದೆ. ಗಾಜಿನ ಮುಚ್ಚಳಕ್ಕೆ ಫೆವಿಕಾಲ್ ಬಿಟ್ಟು ಬೇರೆ ಅಂಟು ಮುಟ್ಟಿಸಬೇಡಿ. ಸೂಪರ್ ಗ್ಲೂನ ಹೊಗೆ ಗಾಜನ್ನು ಮಬ್ಬು ಮಾಡುತ್ತದೆ.

ಪ್ಲಾಸ್ಟಿಕ್ ಎರಡಕ್ಕೂ ವಾಯುಪಡೆಯ ಚಕ್ರದ ಗುರುತು ನೀರಿನಲ್ಲಿ ನೆನೆಸಿ ಜಾರಿಸುವ ಡೆಕಾಲ್. ಕಟ್ಟಿಗೆಯದಕ್ಕೆ ಮಾಸ್ಕಿಂಗ್ ಟೇಪ್‌ನಲ್ಲಿ ವೃತ್ತ ಕತ್ತರಿಸಿ ಬಣ್ಣವೇ ಹೊಡೆದೆ: ಮೊದಲು ಇಡೀ ವೃತ್ತ ಬಿಳಿ, ಆಮೇಲೆ ನಡುವೆ ಹಸಿರು, ಹೊರಗೆ ಕೇಸರಿ. ಕೇಸರಿ ನನಗೆ ಬೇಕಾದ ಕೇಸರಿಯೇ ಬಂದದ್ದು ಅದೊಂದರಲ್ಲಿ.

ಬಣ್ಣಕ್ಕೂ ಮೊದಲು, ಮೂರೂ ಪ್ರೈಮರ್‌ನಲ್ಲಿದ್ದಾಗ, ಒಂದು ಪರೀಕ್ಷೆ ಮಾಡಿದ್ದೆ. 1/72ರದರ ಬಿಳಿ ಹಿಡಿದ ಬಣ್ಣ ತೆಗೆದು ಪ್ರೈಮರ್‌ಗೇ ನಿಲ್ಲಿಸಿದ್ದೆ, ಕಟ್ಟಿಗೆಯದೂ ಕಾದಿತ್ತು. ಹಜಾರದಲ್ಲಿ ಬಿಳಿ ಹಾಸಿಗೆ ಹೊದಿಕೆ ಕಟ್ಟಿ, ಹಿಂದೆ ಬಲ್ಬು ಹಚ್ಚಿ, ಒಂದೊಂದೇ ವಿಮಾನವನ್ನು ದಾರದಲ್ಲಿ ತೂಗುಬಿಟ್ಟೆ. ಮಾಮಾ ಈಚೆ ಕುಳಿತು ನೆರಳಷ್ಟೇ ನೋಡಬೇಕು. ಬಲ್ಬು ಹಿಂದೆ ಮುಂದೆ ಸರಿಸಿ ಮೂರರ ನೆರಳೂ ಒಂದೇ ಉದ್ದ ಬರುವಂತೆ ಮಾಡಿದ್ದೆ. 1/72ರ ನೆರಳು ಬಿದ್ದ ಕೂಡಲೇ ಅವರು ತಲೆ ಅಲ್ಲಾಡಿಸಿದರು: “ಇದು ಬಿಸ್ ಅಲ್ಲ. ಬೆನ್ನ ಬತ್ತೇತಿ.” ಅರ್ಧ ಮಿ.ಮೀ. ತಗ್ಗು, ಅಷ್ಟೇ. ಉಳಿದ ಎರಡರಲ್ಲಿ ಬಹಳ ಹೊತ್ತು ಹೊಯ್ದಾಡಿ ಕಟ್ಟಿಗೆಯದನ್ನು ತೋರಿಸಿದರು: “ಇದರ ಕೆಳಗ ನಾ ಮಲಗೇನಿ.” ಶೇ. 1ರಷ್ಟು ದೊಡ್ಡದಾದ ವಿಮಾನ ಅದೇ.

ಆ ರಾತ್ರಿ ನನಗೆ ಅರ್ಥವಾದದ್ದಿಷ್ಟು. ಎಲ್ಲ ಕಡೆ ಒಂದೇ ಸಮನಾಗಿ ತಪ್ಪಿದ್ದನ್ನು ವರ್ನಿಯರ್ ಹಿಡಿಯುತ್ತದೆ, ಕಣ್ಣು ಹಿಡಿಯುವುದಿಲ್ಲ. ಒಂದೇ ಕಡೆ ತಪ್ಪಿದ್ದನ್ನು ಕಣ್ಣು ಆ ಕ್ಷಣಕ್ಕೇ ಹಿಡಿಯುತ್ತದೆ. ರೆಕ್ಕೆಯಗಲ ಅಳೆದು ಕಿಟ್ ನಿಖರವೋ ಅಲ್ಲವೋ ಎಂದು ಹೇಳುವವರು ಬೆನ್ನಿನ ಟೆಂಪ್ಲೆಟ್ ಒಂದನ್ನಾದರೂ ಇಟ್ಟು ನೋಡಬೇಕು.

ಖರ್ಚು, ಸಮಯ ಕೇಳುವವರಿಗೆ: ಕಟ್ಟಿಗೆಗೆ ದುಡ್ಡು ಹೆಚ್ಚುಕಡಿಮೆ ಇಲ್ಲ, ಆದರೆ ಮೂರು ತಿಂಗಳ ಸಂಜೆಗಳು ಹೋದವು. 1/48ರ ಕಿಟ್‌ಗೆ ಬಣ್ಣ ಬಿಟ್ಟು ನಾಲ್ಕು ಸಾವಿರದ ಹತ್ತಿರ, ಒಂದೂವರೆ ತಿಂಗಳು. 1/72ಕ್ಕೆ ಅದರ ಅರ್ಧ ದುಡ್ಡೂ ಬೇಡ. ಒಂದೇ ಒಂದು ಮಿಗ್ ಕಟ್ಟುವವರು 1/48 ತೆಗೆದುಕೊಳ್ಳಿ, ಎರಡನೇ ಯೋಚನೆ ಬೇಡ. ನ್ಯಾಟ್, ಹಂಟರ್, ಜಾಗ್ವಾರ್ ಅಂತ ವಾಯುಪಡೆಯ ಸಾಲನ್ನೇ ನಿಲ್ಲಿಸಬೇಕು ಅನ್ನುವವರಿಗೆ 1/72ಕ್ಕೆ ಸಾಟಿ ಇಲ್ಲ, ಆದರೆ ಹೊಸ ಅಚ್ಚಿನ ಕಿಟ್ ಹುಡುಕಿ. ಬಿಸ್ ಬೇಕಿದ್ದರೆ ರಷ್ಯಾದ ಜ್ವೆಜ್ದಾ ಈ ಅಳತೆಯಲ್ಲಿ ಮಾಡುತ್ತದೆ.

ಕಟ್ಟಿಗೆ ಯಾರಿಗೆ? ಪೆಟ್ಟಿಗೆಯಲ್ಲಿ ಸುಲಭಕ್ಕೆ ಸಿಗದ ವಿಮಾನ ಬೇಕಾದವರಿಗೆ. ಜರ್ಮನ್ ವಿಮಾನ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ವಿನ್ಯಾಸ ಮಾಡಿದ, 1961ರ ಜೂನ್ 17ರಂದು ಮೊದಲು ಹಾರಿದ ನಮ್ಮದೇ ಎಚ್‌ಎಫ್-24 ಮಾರುತ ಈಗ ನನ್ನ ಮೇಜಿನ ಮೇಲಿದೆ. ರೆಕ್ಕೆಯಗಲ 9 ಮೀಟರ್, 1/48ಕ್ಕೆ 187.5 ಮಿ.ಮೀ. ಸಾಗವಾನಿ ಹಲಗೆ ಎರಡಾಗಿ ಸೀಳಿ, ನಡುವೆ ಕಾಗದವಿಟ್ಟು ಅಂಟಿಸಿಯಾಗಿದೆ. ಹಿಗ್ಗಿಸಿದ ಸ್ಕೇಲ್ ಅನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದೇನೆ.